ಅರ್ಧ ಲೋಡು ಸಮುದ್ರತೀರ

ಒದ್ದೆ ಮರಳಿಗೆ ಒಂದು ವಾಸನೆ ಇದೆ. ಸ್ಲೇಟನ್ನು ನೀರು ಹಾಕಿ ಒರೆಸಿದಾಗ ಬರುತ್ತಿತ್ತಲ್ಲ, ಹೆಚ್ಚುಕಡಿಮೆ ಅದೇ. ಜೊತೆಗೆ ಒಂದಿಷ್ಟು ತುಕ್ಕು, ಒಂದಿಷ್ಟು ಪಾಚಿ. ಅವನು ಚಿಕ್ಕವನಿದ್ದಾಗ ಅವರ ಬೀದಿಯಲ್ಲಿ ಯಾರಾದರೊಬ್ಬರು ಮನೆ ಕಟ್ಟಿಸುತ್ತಲೇ ಇರುತ್ತಿದ್ದರು. ಬೆಳಿಗ್ಗೆ ಮರಳಿನ ರಾಶಿಗೆ ನೀರು ಚಿಮುಕಿಸಿದರೆ ಆ ವಾಸನೆ ಮೂರು ಮನೆ ದಾಟಿ ಅವನ ಹಾಸಿಗೆಯವರೆಗೂ ಬರುತ್ತಿತ್ತು. ಎದ್ದವನೇ ಹಲ್ಲುಜ್ಜದೆ ಓಡಿಹೋಗಿ ಮೊಣಕಾಲಿನವರೆಗೆ ಕಾಲು ಹೂತುಕೊಂಡು ಕೂರುತ್ತಿದ್ದ. ಅಮ್ಮ ಬಂದು ಕಿವಿ ಹಿಡಿದು ಎಬ್ಬಿಸುವವರೆಗೆ ಏಳುತ್ತಿರಲಿಲ್ಲ.

ಹಾಗಾಗಿ ಮನುಷ್ಯರಿಗೆ ಮರಳೆಂದರೆ ಹುಟ್ಟಿನಿಂದಲೇ ಇಷ್ಟ ಎಂದು ಅವನು ನಂಬಿದ್ದ. ತನ್ನ ಮೂರು ವರ್ಷದ ಮಗನೂ ಮನುಷ್ಯನೇ ಆದ್ದರಿಂದ ಅವನ ಬಗ್ಗೆ ಪ್ರತ್ಯೇಕವಾಗಿ ಯೋಚಿಸಿರಲಿಲ್ಲ.

ಅವನಿಗೆ ಬಸ್ ಡಿಪೋದಲ್ಲಿ ಕೆಲಸ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ನಿಮಿಷ ತಡ, ಯಾಕೆ ತಡ ಎಂದು ಗಾಜಿನ ಗೂಡಿನೊಳಗೆ ಕೂತು ಬರೆಯುವುದು. ಡಿಪೋದಲ್ಲಿ ಅವನನ್ನು ಟೈಮ್‌ಟೇಬಲ್ ಎಂದು ಕರೆಯುತ್ತಿದ್ದರು. ಹೆಸರು ಡಿಪೋದಿಂದ ಬೀದಿಗೆ, ಬೀದಿಯಿಂದ ಮನೆಗೆ ಬಂದಿತ್ತು. ಸಮುದ್ರದ ಪಕ್ಕದ ರೆಸಾರ್ಟಿನಲ್ಲಿ ನಾಲ್ಕು ದಿನಕ್ಕೆ ರೂಮು ಸಿಕ್ಕಿತು ಎಂದು ಹೆಂಡತಿ ಹೇಳಿದ ದಿನವೇ ಅವನು ಪ್ರವಾಸದ ವೇಳಾಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಶನಿವಾರ 6.10, ಬಸ್ಸು. ಭಾನುವಾರ 7.00, ಏಳುವುದು. 7.20, ಸಮುದ್ರ ನೋಡುವುದು. 7.25, ಚಪ್ಪಲಿ ಬಿಡುವುದು. 7.35ರಿಂದ 8.15, ಸಂತೋಷ.

ಏಳು ವರ್ಷದ ಮಗಳು ಅದನ್ನು ಅಕ್ಷರ ಅಕ್ಷರ ಓದಿ ಕೇಳಿದಳು. "ಅಪ್ಪ, ಎಂಟೂ ಹದಿನೈದು ಆದ್ಮೇಲೂ ಸಂತೋಷ ಆಗ್ತಾನೇ ಇದ್ರೆ?"

"ಅದು ತಿಂಡಿ ಟೈಮು ಪುಟ್ಟಿ. ತಿಂಡಿ ಆದ್ಮೇಲೆ ಮುಂದುವರಿಸಬಹುದು."

ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಬೆಳಗಿನಿಂದ ಸಂಜೆಯವರೆಗೆ ಊರವರ ತೋಳಿಗೆ ಸೂಜಿ ಚುಚ್ಚಿ, ಇರುವೆ ಕಚ್ಚಿದ ಹಾಗೆ ಅಷ್ಟೇ ಎಂದು ಅದೇ ಮಾತನ್ನು ನೂರು ಸಲ ಹೇಳಿ ಮನೆಗೆ ಬರುತ್ತಿದ್ದಳು. ಐದು ವರ್ಷದಲ್ಲಿ ಅವಳಿಗೆ ಒಟ್ಟಿಗೆ ನಾಲ್ಕು ದಿನ ರಜೆ ಸಿಕ್ಕಿದ್ದು ಇದೇ ಮೊದಲು. ಅಗಲ ಅಂಚಿನ ಒಂದು ಹುಲ್ಲಿನ ಟೋಪಿ ಕೊಂಡಿದ್ದಳು. ಯಾರೂ ನೋಡುತ್ತಿಲ್ಲ ಎಂದುಕೊಂಡು ಅದನ್ನು ಹಾಕಿ ಕನ್ನಡಿಯ ಮುಂದೆ ನಿಂತು, ಮತ್ತೆ ತೆಗೆದು ಕವರಿನೊಳಗಿಡುವುದನ್ನು ಅವನು ಎರಡು ಸಲ ನೋಡಿದ್ದ. ನೋಡಿಲ್ಲದವನ ಹಾಗೆ ಇದ್ದ.

ಹೊರಡಲು ಇನ್ನು ಆರು ದಿನ ಇದ್ದಾಗ, ಭಾನುವಾರ, ಹೆಂಡತಿಗೆ ಕೆಲಸವಿದ್ದುದರಿಂದ ಅವನು ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋದ. ಅಲ್ಲಿ ಮಕ್ಕಳಿಗೆಂದು ಮರಳು ಹಾಕಿದ ಒಂದು ಕಟ್ಟೆ ಇತ್ತು. ಮಗನ ಚಪ್ಪಲಿ ಬಿಚ್ಚಿ, ಕಂಕುಳಿಗೆ ಕೈಹಾಕಿ ಮೆಲ್ಲಗೆ ಇಳಿಸಿದ. ಮರಳಿಗೆ ಬೆರಳು ತಾಗಿದ್ದೇ ತಡ, ಮೇಲೇರಿದ ವಿಮಾನ ಚಕ್ರ ಒಳಗೆಳೆದುಕೊಳ್ಳುವ ಹಾಗೆ ಹುಡುಗ ಎರಡೂ ಕಾಲನ್ನು ಹೊಟ್ಟೆಗೆ ಸೆಳೆದುಕೊಂಡ. ಆಮೇಲೆ ಕಿರುಚಿದ. ಎಂಥ ಕಿರುಚು ಎಂದರೆ ಪಾರ್ಕಿನ ಕಾವಲುಗಾರ ಓಡಿ ಬಂದ. ವಾಕಿಂಗಿಗೆ ಬಂದಿದ್ದ ಅಜ್ಜಿಯೊಬ್ಬರು ಮಗಳನ್ನು ಪಕ್ಕಕ್ಕೆ ಕರೆದು, "ಮಗೂ, ಇವರು ನಿಜವಾಗ್ಲೂ ನಿಮ್ಮಪ್ಪಾನಾ?" ಎಂದು ವಿಚಾರಿಸಿದರು.

ಮಗಳು ತಂದೆಯನ್ನು ಒಮ್ಮೆ ನೋಡಿ, "ಹೌದು ಅಜ್ಜಿ, ಏನ್ಮಾಡೋದು," ಎಂದಳು.

ಅಂದು ಅವನಿಗೆ ಊಟ ಸೇರಲಿಲ್ಲ. ನಾಲ್ಕು ದಿನ, ಸುತ್ತ ಮರಳು, ನಡುವೆ ಈ ಕಿರುಚು. ಹೇಳಿದರೆ ಹೆಂಡತಿ ರೂಮು ಬೇಡವೆಂದು ಫೋನು ಮಾಡುತ್ತಾಳೆ, ಟೋಪಿಯನ್ನು ಮಂಚದ ಕೆಳಗೆ ತಳ್ಳುತ್ತಾಳೆ, ಒಂದು ಮಾತೂ ಆಡುವುದಿಲ್ಲ. ಹೇಳಬಾರದು. ಶನಿವಾರದೊಳಗೆ ಹುಡುಗನಿಗೆ ಮರಳು ರೂಢಿ ಮಾಡಿಸಬೇಕು. ಮಗಳಿಂದ ಯಾರಿಗೂ ಹೇಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡ.

ಮರುದಿನ ಕೆಲಸ ಮುಗಿಸಿ ಮರಳು, ಇಟ್ಟಿಗೆ ಮಾರುವ ಅಂಗಡಿಗೆ ಹೋದ.

"ಒಂದು ಬಕೆಟ್ ಮರಳು ಬೇಕಿತ್ತು."

ಅಂಗಡಿಯವನು ಕನ್ನಡಕ ಮೇಲೆತ್ತಿ ನೋಡಿದ. "ಬಕೆಟ್ಟಾ? ಇದೇನು ಸಾರ್, ಸಕ್ಕರೆನಾ? ಏನು ಕೆಲಸಕ್ಕೆ?"

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ನಿಂತಿದ್ದರು. ಎಲ್ಲರ ಬಟ್ಟೆಯ ಮೇಲೂ ಸಿಮೆಂಟು. ಅಂಥವರ ಎದುರಿಗೆ ಮಗನ ಅಂಗಾಲಿಗೆ ಎಂದು ಹೇಳುವುದು ಹೇಗೆ? ಅವನ ಬಾಯಿಂದ ತಾನೇ ತಾನಾಗಿ ಒಂದು ಮಾತು ಹೊರಬಿತ್ತು. "ಮೇಲೆ ಒಂದು ರೂಮು."

"ಓಹೋ, ಮನೆ ಕಟ್ಟಿಸ್ತಿದ್ದೀರಾ! ಕೂತ್ಕೊಳಿ ಓನರ್ರೇ. ಏಯ್, ಕುರ್ಚಿ ಕೊಡ್ರೋ ಅವರಿಗೆ."

ಮೂವತ್ತೆಂಟು ವರ್ಷದ ಜೀವನದಲ್ಲಿ ಯಾರೂ ಅವನನ್ನು ಓನರ್ರೇ ಎಂದು ಕರೆದಿರಲಿಲ್ಲ. ಅವನು ಕುರ್ಚಿಯಲ್ಲಿ ಕೂತ. ಕೂತಮೇಲೆ ಕಾಲ ಮೇಲೆ ಕಾಲು ಹಾಕಿದ. ಹಾಕಿದಮೇಲೆ, ಅರ್ಧ ಲೋಡಿಗಿಂತ ಕಮ್ಮಿಗೆ ಟ್ರ್ಯಾಕ್ಟರ್ ಹೊರಡೋದಿಲ್ಲ ಎಂದು ಅಂಗಡಿಯವನು ಹೇಳಿದಾಗ, ಅರ್ಧ ಲೋಡೆಂದರೆ ಏನು ಮಹಾ ಎಂಬಂತೆ ತಲೆಯಾಡಿಸಿದ. ಬಕೆಟ್ಟಿಗೂ ಅರ್ಧ ಲೋಡಿಗೂ ಇರುವ ಅಂತರ ಅವನಿಗೆ ಗೊತ್ತಾದದ್ದು ಬುಧವಾರ ಮಧ್ಯಾಹ್ನ ಎರಡಕ್ಕೆ, ಟ್ರ್ಯಾಕ್ಟರ್ ಬಂದು ಗೇಟಿನ ಮುಂದೆ ಹಿಂಬದಿ ಎತ್ತಿದಾಗ. ಧೂಳು ಇಳಿದಮೇಲೆ ನೋಡಿದರೆ ಗೇಟು ಅರ್ಧ ಮಾತ್ರ ಕಾಣುತ್ತಿತ್ತು.

ಟ್ರ್ಯಾಕ್ಟರಿನ ಹಿಂದೆಯೇ ಮೇಸ್ತ್ರಿ ಬಂದ. ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ದಾರದ ಉಂಡೆ. "ಅಂಗಡಿಯವರು ಕಳಿಸಿದ್ರು ಸಾರ್. ರೂಮು ಎಲ್ಲಿ ಬರ್ಬೇಕು?"

"ಇನ್ನೂ ಯೋಚನೆ ಮಾಡ್ತಿದ್ದೀನಿ ಮೇಸ್ತ್ರಿ."

"ನೀವು ಯೋಚನೆ ಮಾಡ್ತಿರಿ, ನಾನು ಅಳತೆ ಹಾಕ್ತೀನಿ," ಎಂದು ಮೇಸ್ತ್ರಿ ಮಹಡಿ ಹತ್ತಿ ದಾರ ಎಳೆದೇಬಿಟ್ಟ.

ಆ ದಾರ ಸರಿಯಾಗಿ ಪಕ್ಕದ ಮನೆಯ ಟೈಲರಕ್ಕನ ಕಿಟಕಿಯ ಎದುರಿಗೆ ಹಾದುಹೋಯಿತು. ಟೈಲರಕ್ಕ ಐವತ್ತು ದಾಟಿದ ಹೆಂಗಸು. ಹೊಲಿಗೆ ಮೆಷಿನ್ನು ಆ ಒಂದೇ ಕಿಟಕಿಯ ಕೆಳಗಿತ್ತು. ಅವರ ಮನೆಗೆ ಬೆಳಕು ಬರುತ್ತಿದ್ದುದೂ ಆ ಒಂದೇ ಕಿಟಕಿಯಿಂದ. ಕಾಂಪೌಂಡಿನ ಹತ್ತಿರ ಬಂದು ಕತ್ತು ಎತ್ತಿ ದಾರವನ್ನು ನೋಡಿದರು, ಆಮೇಲೆ ಇವನನ್ನು ನೋಡಿದರು.

"ಏನು ತಮ್ಮ, ಮೇಲೆ ರೂಮು ಕಟ್ತೀಯಂತೆ?"

ಇಲ್ಲ ಎಂದರೆ ಮರಳು ಯಾಕೆ ಎಂದು ಕೇಳುತ್ತಾರೆ. ಕಾರಣ ಹೇಳಿದರೆ ಸಂಜೆಯೊಳಗೆ ಹೆಂಡತಿಯ ಕಿವಿ ಮುಟ್ಟುತ್ತದೆ. ಹೌದು ಎನ್ನಲು ಅವನಿಗೆ ಮನಸ್ಸು ಬರಲಿಲ್ಲ. "ನೋಡೋಣ ಅಕ್ಕ," ಎಂದ. ಹೌದು ಎನ್ನುವುದಕ್ಕಿಂತ ಕೆಟ್ಟ ಮಾತು ಅದು. ಟೈಲರಕ್ಕ ಒಳಗೆ ಹೋದರು. ಸಂಜೆಯವರೆಗೆ ಮೆಷಿನ್ನಿನ ಸದ್ದು ಕೇಳಿಸಲಿಲ್ಲ.

ಮೇಸ್ತ್ರಿ ಹೋದಮೇಲೆ ಅವನು ಮಗನನ್ನು ಎತ್ತಿಕೊಂಡು ಮರಳಿನ ಹತ್ತಿರ ಬಂದ. "ನೋಡೋ ಗುಂಡ, ಎಷ್ಟು ಚೆನ್ನಾಗಿದೆ! ಅಪ್ಪ ಕೂತ್ಕೋತಾರೆ ನೋಡು," ಎಂದು ಪ್ಯಾಂಟು ಮಡಚಿ ತಾನೇ ಕಾಲು ಹೂತು ಕೂತ. ಗುಂಡ ಅಪ್ಪನ ಕುತ್ತಿಗೆ ಹತ್ತಿ, ಭುಜ ಹತ್ತಿ, ತಲೆಯ ಮೇಲೆ ಹೊಟ್ಟೆಯಿಟ್ಟು ಮಲಗಿದ. ಎದುರಿನ ರಸ್ತೆಯಲ್ಲಿ ಹೋಗುತ್ತಿದ್ದವರು ಸೈಕಲ್ ನಿಲ್ಲಿಸಿದರು. ಸ್ವಂತ ಮನೆಯ ಮುಂದೆ ಮೊಣಕಾಲಿನವರೆಗೆ ಹೂತುಕೊಂಡು, ತಲೆಯ ಮೇಲೆ ಮಗುವನ್ನು ಹೊತ್ತ ಮನೆಮಾಲೀಕನನ್ನು ಅವರು ಹಿಂದೆ ಕಂಡಿರಲಿಲ್ಲ.

"ಅಡಿಪಾಯಕ್ಕೆ ನೀವೇ ಇಳಿದುಬಿಟ್ರಾ ಸಾರ್?" ಎಂದು ಒಬ್ಬ ಕೇಳಿದ.

ನಾಲ್ಕೂವರೆಗೆ ಹೆಂಡತಿ ಬಂದಳು. ಮರಳನ್ನು ಬಳಸಿಕೊಂಡು, ಗೋಡೆ ಹಿಡಿದುಕೊಂಡು ಒಳಗೆ ಬಂದಳು. "ರೀ, ಏನಿದು?"

"ಅಡ್ರೆಸ್ ತಪ್ಪಿ ಸುರಿದು ಹೋಗಿದ್ದಾರೆ. ನಾಳೆ ಎತ್ಕೊಂಡು ಹೋಗ್ತಾರೆ."

"ಸದ್ಯ, ನಮ್ಮದಲ್ವಲ್ಲ," ಎಂದು ಅವಳು ಚಪ್ಪಲಿ ಬಿಟ್ಟು ಸೂಟ್‌ಕೇಸ್ ಕೆಳಗಿಳಿಸಿದಳು. ಮಗಳು ಆಣೆ ನೆನಪಿಗೆ ತಂದುಕೊಂಡು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಇವಳಿಗೇನಾಯ್ತು?"

"ಹಲ್ಲುನೋವು," ಎಂದ ಅವನು. ಒಂದು ಮರಳಿನ ರಾಶಿಗೆ ಅದು ಮೂರನೆಯ ಸುಳ್ಳು.

ಗುರುವಾರ ಬೆಳಿಗ್ಗೆ ಡಿಪೋದ ಗಾಜಿನ ಗೂಡಿಗೆ ಫೋನು ಬಂತು. ಪಕ್ಕದ ಊರಿನಲ್ಲಿ ಮಗ ಸೊಸೆಯ ಜೊತೆಗಿರುವ ಅತ್ತೆ. ದನಿ ಗದ್ಗದವಾಗಿತ್ತು.

"ಅಳಿಯಂದ್ರೇ, ನನಗೆ ಎಲ್ಲಾ ಗೊತ್ತಾಯ್ತು."

ಅವನು ಪೆನ್ನು ಕೆಳಗಿಟ್ಟ. "ಏನು ಗೊತ್ತಾಯ್ತು ಅತ್ತೆ?"

"ನಮ್ಮ ಅಡುಗೆಮನೆ ಕಟ್ಟೆ ಕಟ್ಟಿದ ಮೇಸ್ತ್ರೀನೇ ಅಲ್ವಾ ನಿಮಗೂ ಸಿಕ್ಕಿರೋದು? ಅವನೇ ಹೇಳಿದ. ಮೇಲೆ ರೂಮು ಕಟ್ತಿದ್ದೀರಂತೆ. ಮಕ್ಕಳು ಇನ್ನೂ ಚಿಕ್ಕವು, ನಿಮಗ್ಯಾಕೆ ಇನ್ನೊಂದು ರೂಮು? ನನಗೆ ಅರ್ಥ ಆಗಲ್ವಾ? ನನ್ನ ಕರೆಸ್ಕೊಳ್ಳೋಕೆ ತಾನೇ?"

"ಅತ್ತೆ, ಅದು..."

"ಬಾಯಿ ಬಿಟ್ಟು ಹೇಳ್ಬೇಡಿ! ನನ್ನ ಮಗಳಿಗೆ ಗೊತ್ತಿಲ್ಲ ಅಲ್ವಾ? ನಾನೂ ಹೇಳಲ್ಲ. ಸೊಸೆಗೆ ಮಾತ್ರ ಹೇಳ್ದೆ. ಅವಳ ಮುಖ ನೋಡ್ಬೇಕಿತ್ತು ನೀವು! ಮಹಡಿ ಮೆಟ್ಟಿಲು ಎತ್ತರ ಬೇಡ, ಕಿಟಕಿ ದೊಡ್ಡದಿರ್ಲಿ. ಅಷ್ಟೇ ನಾನು ಕೇಳೋದು."

ಫೋನು ಕಟ್ಟಾಯಿತು. ಹತ್ತು ಗಂಟೆಯ ಬಸ್ಸು ಹೊರಟದ್ದು ಅವನಿಗೆ ತಿಳಿಯಲಿಲ್ಲ. ಕಾರಣದ ಜಾಗದಲ್ಲಿ 'ಕಿಟಕಿ' ಎಂದು ಬರೆದಿದ್ದನ್ನು ಮೇಲಧಿಕಾರಿ ಎರಡು ಸಲ ಓದಿ, ಇವನ ಮುಖ ನೋಡಿ, ಒಂದು ಲೋಟ ನೀರು ತರಿಸಿಕೊಟ್ಟು ಸುಮ್ಮನೆ ಹೋದರು.

ಅಂದು ಸಂಜೆ ಅವನು ಅಂಗಡಿಗೆ ಓಡಿದ. ಸುರಿದ ಮರಳನ್ನು ವಾಪಸು ಎತ್ತುವ ಪದ್ಧತಿ ತಮ್ಮಲ್ಲಿಲ್ಲ ಎಂದರು. ಮನೆಗೆ ಬಂದು, ನಾಳೆ ಎತ್ತುತ್ತಾರಂತೆ ಎಂದು ಹೆಂಡತಿಗೆ ಹೇಳಿ, ಅವಳ ಕಣ್ಣು ತಪ್ಪಿಸಿ ಮಗನ ಕಾಲಿಗೆ ಚಮಚದಿಂದ ಮರಳು ಹಾಕಿ ನೋಡಿದ. ಗುಂಡ ಚಮಚ ಕಿತ್ತು ಎಸೆದ. ಹೊರಡಲು ಇನ್ನು ಮೂವತ್ತಾರು ಗಂಟೆ ಉಳಿದಿತ್ತು.

ಶುಕ್ರವಾರ ಹೆಂಡತಿ ಮಧ್ಯಾಹ್ನವೇ ಬಂದಿದ್ದಳು. ಸಾಮಾನು ಕಟ್ಟುತ್ತಿದ್ದಳು. ಮೂರು ಗಂಟೆಗೆ ಗೇಟು ಬಡಿದ ಸದ್ದಾಯಿತು. ಹೋಗಿ ನೋಡಿದರೆ ಪುರಸಭೆಯ ಇನ್‌ಸ್ಪೆಕ್ಟರು. ಕಂಕುಳಲ್ಲಿ ಫೈಲು, ಕೈಯಲ್ಲಿ ಟೇಪು, ಕಾಲಿಗೆ ಫಳಫಳ ಹೊಳೆಯುವ ಕಪ್ಪು ಬೂಟು.

"ಅನುಮತಿ ಇಲ್ದೆ ಮಹಡಿ ಮೇಲೆ ರೂಮು ಕಟ್ತಿದ್ದೀರಿ ಅಂತ ದೂರು ಬಂದಿದೆ. ಪ್ಲಾನ್ ತೋರಿಸಿ."

"ಯಾವ ರೂಮು?" ಎಂದಳು ಹೆಂಡತಿ.

"ದಾರ ನೋಡಿ ಸಾರ್, ಇಷ್ಟೇ ರೂಮು," ಎಂದು ಮೇಸ್ತ್ರಿ ಮಹಡಿಯ ಮೇಲಿಂದ ಬಗ್ಗಿ ಹೇಳಿದ. ಅವನು ಯಾವಾಗ ಬಂದು ಮೇಲೆ ಹತ್ತಿದ್ದನೋ ದೇವರಿಗೇ ಗೊತ್ತು.

ಅಷ್ಟರಲ್ಲಿ ಆಟೋ ಬಂದು ನಿಂತಿತು. ಅದರಿಂದ ಮೊದಲು ಒಂದು ಟ್ರಂಕು, ಆಮೇಲೆ ಒಂದು ಹಾಸಿಗೆ ಸುರುಳಿ, ಕೊನೆಗೆ ಅತ್ತೆ ಇಳಿದರು.

"ಇದೇನಮ್ಮಾ, ಹೀಗೆ?" ಎಂದು ಹೆಂಡತಿ ಓಡಿಹೋದಳು.

"ಇನ್ನು ಮುಚ್ಚಿಡೋದು ಯಾಕೆ ಮಗಳೇ, ನಿನ್ನ ಗಂಡ ಚಿನ್ನದಂಥೋನು! ಮೇಸ್ತ್ರಿ, ನನ್ನ ಕಿಟಕಿ ಯಾವ ಕಡೆ?"

"ಗಾಳಿ ಬರೋ ಕಡೆ ಅಮ್ಮ!"

"ಕಿಟಕಿ ಇರ್ಲಿ, ಅನುಮತಿ ಎಲ್ಲಿ?" ಎಂದರು ಇನ್‌ಸ್ಪೆಕ್ಟರು.

ಎಲ್ಲರೂ ಅವನ ಕಡೆ ತಿರುಗಿದರು. ಕಾಂಪೌಂಡಿನ ಆಚೆ ಟೈಲರಕ್ಕನೂ ನಿಂತಿದ್ದರು. ಮಗಳು ಬಾಯಿ ಮುಚ್ಚಿದ್ದ ಕೈಗಳ ಸಂದಿಯಿಂದ, "ಅಪ್ಪ, ಇನ್ನು ನನ್ನ ಕೈಲಾಗಲ್ಲ," ಎಂದಳು.

ಆಗ ಅವನು ಹೇಳಿದ. ನಿಂತಲ್ಲೇ, ಹೆಂಡತಿಯ ಮುಖ ನೋಡಿಕೊಂಡು ಎಲ್ಲವನ್ನೂ ಹೇಳಿದ. ಪಾರ್ಕು, ಕಿರುಚು, ಬಕೆಟ್ಟು, ಕುರ್ಚಿ, ಅರ್ಧ ಲೋಡು. "ರೂಮು ಗೀಮು ಏನೂ ಇಲ್ಲ. ಇದೆಲ್ಲಾ ಗುಂಡನ ಕಾಲಿಗೆ."

ಇನ್‌ಸ್ಪೆಕ್ಟರು ಫೈಲು ತೆರೆದು, ಪೆನ್ನು ಹಿಡಿದು, ಮತ್ತೆ ಮುಚ್ಚಿದರು. "ಕಟ್ಟಡ ಸಾಮಗ್ರಿಯ ಉದ್ದೇಶ ಅನ್ನೋ ಕಡೆ ಮಗುವಿನ ಕಾಲು ಅಂತ ಬರೆಯೋಕಾಗುತ್ತೇನ್ರೀ? ನನ್ನ ಸರ್ವೀಸಲ್ಲಿ ಎಂಥೆಂಥ ಸುಳ್ಳು ಕೇಳಿದ್ದೀನಿ. ಇಂಥದ್ದು ಕೇಳಿಲ್ಲ. ಎಲ್ಲಿ, ತೋರಿಸಿ."

ಅವನು ಮಗನನ್ನು ಎತ್ತಿ ತಂದು ಮರಳಿನ ಮೇಲೆ ಇಳಿಸಿದ. ವಿಮಾನದ ಚಕ್ರ ಮತ್ತೆ ಒಳಗೆ ಹೋಯಿತು. ಕಿರುಚು ಬೀದಿಯ ಎರಡೂ ತುದಿ ಮುಟ್ಟಿತು. ಆಟೋದವನು ಟ್ರಂಕು ಬಿಟ್ಟು ಕಿವಿ ಮುಚ್ಚಿಕೊಂಡ.

"ಸಾಕು, ಸಾಕು! ನಂಬಿದೆ!" ಎಂದರು ಇನ್‌ಸ್ಪೆಕ್ಟರು. ಮಗ ಅತ್ತು ಅಪ್ಪನನ್ನು ಉಳಿಸಿದ ಮೊದಲ ಮೊಕದ್ದಮೆ ಇದೇ ಇರಬೇಕು. "ರೂಮಿನ ದೂರು ವಜಾ. ಆದ್ರೆ ರಸ್ತೆ ಮೇಲೆ ಮರಳು ಹಾಕಿದ್ದು ತಪ್ಪೇ. ಎಷ್ಟಿದೆ ಅಂತ ಬರ್ಕೋಬೇಕು." ಟೇಪು ಹಿಡಿದು ರಾಶಿ ಹತ್ತಿದರು. ಎರಡನೆಯ ಹೆಜ್ಜೆಗೇ ಬೂಟು ಹೂತುಹೋಯಿತು. ಅಳತೆ ಬರೆದುಕೊಂಡು, ಇಳಿದು, ಗೇಟಿನ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿ ತಲೆಕೆಳಗು ಮಾಡಿದರು. ಸಣ್ಣಗೆ ಧಾರೆಯಾಗಿ ಮರಳು ಸುರಿಯಿತು.

ಗುಂಡ ಅಳು ನಿಲ್ಲಿಸಿದ. "ಇನ್ನೊಂದು," ಎಂದ.

ಇನ್‌ಸ್ಪೆಕ್ಟರು ಇನ್ನೊಂದು ಬೂಟನ್ನೂ ಸುರಿದರು. ಹುಡುಗ ಅಪ್ಪನ ಸೊಂಟದಿಂದ ಜಾರಿ ಮೆಟ್ಟಿಲಿಗೆ ಬಂದು, ಆ ಎರಡು ಕಪ್ಪು ಬೂಟಿನೊಳಗೆ ಒಂದೊಂದಾಗಿ ಕಾಲಿಟ್ಟ. ಬೂಟು ಅವನ ಮೊಣಕಾಲಿಗೆ ಬಂತು. ಹಾಗೇ ಎಳೆದುಕೊಂಡು ಮರಳಿನ ಮೇಲೆ ಹೋಗಿ ನಿಂತ. ಗುಂಡ ಕೂತ. ಎರಡೂ ಕೈಯಲ್ಲಿ ಮರಳು ಬಾಚಿ ಬೂಟಿನೊಳಗೆ ತುಂಬಿಸತೊಡಗಿದ.

"ಅಲ್ಲಾರೀ, ಇಷ್ಟು ದಿನ ಮಗು ಕಾಲಿಗೆ ಏನಾದ್ರೂ ಹಾಕಿ ಇಳಿಸಿ ನೋಡಿದ್ರಾ?" ಎಂದು ಇನ್‌ಸ್ಪೆಕ್ಟರು ಮೆಲ್ಲಗೆ ಕೇಳಿದರು.

"ಅಪ್ಪನ ಪಟ್ಟೀಲಿ ಏಳೂ ಇಪ್ಪತ್ತೈದಕ್ಕೆ ಚಪ್ಪಲಿ ಬಿಡೋದು ಅಂತ ಇದೆ!" ಎಂದು ಮಗಳು ಕೂಗಿದಳು. ಐದು ದಿನದಿಂದ ಕಟ್ಟಿಟ್ಟಿದ್ದ ಬಾಯಿ ಅದು.

ಹೆಂಡತಿ ಗಂಡನ ಹತ್ತಿರ ಬಂದಳು. "ನನಗೆ ಹೇಳೋಕೆ ಏನಾಗಿತ್ತು ನಿಮಗೆ?"

"ನೀನು ಟೋಪಿ ತಗೊಂಡಿದ್ದೆ," ಎಂದ ಅವನು.

ಅವಳು ಅವನ ತಲೆಗೂದಲಲ್ಲಿ ಅಂಟಿದ್ದ ಮರಳನ್ನು ಬೆರಳಲ್ಲಿ ಕೊಡವಿದಳು. "ನಾನು ಹೋಗ್ತಿರೋದು ಮರಳು ನೋಡೋಕಲ್ಲ ಕಣ್ರೀ. ಬೆಳಿಗ್ಗೆ ಯಾರೂ ಎಬ್ಬಿಸದೆ ಮಲಗೋಕೆ. ಪಟ್ಟೀಲಿ ಏಳು ಗಂಟೆಗೆ ಏಳೋದು ಅಂತ ನೋಡಿ ನಾನೆಷ್ಟು ಅತ್ತಿದ್ದೀನಿ ಗೊತ್ತಾ?"

ಅತ್ತೆಯ ಕಡೆ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಅತ್ತೆ ಟ್ರಂಕಿನ ಮೇಲೆ ಕೂತಿದ್ದರು. "ರೂಮು ಇಲ್ವಾ? ಹೋಗ್ಲಿ ಬಿಡಿ. ಎರಡು ದಿನ ಸೊಸೆ ನನಗೆ ಕೇಳಿ ಕೇಳಿ ಬಡಿಸಿದ್ಲು. ಅಷ್ಟು ಬಂತಲ್ಲ! ನೀವು ಬರೋವರೆಗೆ ಮನೆ ನೋಡ್ಕೋತೀನಿ. ನಾಲ್ಕು ದಿನ ಟಿವಿ ರಿಮೋಟು ನನ್ನ ಕೈಲಿ," ಎಂದರು.

"ಅದೆಲ್ಲಾ ಸರಿ," ಎಂದರು ಇನ್‌ಸ್ಪೆಕ್ಟರು. "ನಾಳೆ ಬೆಳಿಗ್ಗೆ ಎಂಟಕ್ಕೆ ರಸ್ತೆ ಖಾಲಿ ಇರ್ಬೇಕು. ಇಲ್ಲಾಂದ್ರೆ ಹತ್ತು ಗಂಟೆಗೆ ನೀವೇ ಆಫೀಸಿಗೆ ಬಂದು ವಿವರಣೆ ಕೊಡ್ಬೇಕು."

"ಆರೂ ಹತ್ತಕ್ಕೆ ನಮ್ಮ ಬಸ್ಸು ಸಾರ್!"

"ಹಾಗಾದ್ರೆ ಇವತ್ತೇ ಎತ್ತಿ."

ಅವನು ರಾಶಿಯನ್ನು ನೋಡಿದ. ಮನೆಯಲ್ಲಿ ಇದ್ದದ್ದು ಸ್ನಾನದ ಬಕೆಟ್ಟು ಒಂದು, ಮಗಳು ಸಮುದ್ರಕ್ಕೆಂದು ಇಟ್ಟುಕೊಂಡಿದ್ದ ಅಂಗೈಯಗಲದ ಪ್ಲಾಸ್ಟಿಕ್ ಸಲಿಕೆ ಒಂದು. ಇವೆರಡರಲ್ಲಿ ಈ ರಾಶಿ ಎತ್ತಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿದ. ಮುಂದಿನ ಗುರುವಾರ ಎಂದು ಬಂತು. ಆದರೂ ಪ್ಲಾಸ್ಟಿಕ್ ಸಲಿಕೆ ಹಿಡಿದು ಬಗ್ಗಿದ.

ಮಹಡಿಯಿಂದ ದಾರ ಸುತ್ತಿಕೊಂಡು ಇಳಿದು ಬಂದ ಮೇಸ್ತ್ರಿ ಸ್ವಲ್ಪ ಹೊತ್ತು ಅದನ್ನು ನೋಡಿದ. ಅವನಿಗೆ ಕೆಲಸ ತಪ್ಪಿತ್ತು, ಎರಡು ದಿನ ವ್ಯರ್ಥವಾಗಿತ್ತು. "ಸಾರ್, ಅದನ್ನ ಮಗೂಗೆ ಕೊಡಿ," ಎಂದವನೇ ಸೈಕಲ್ ಹತ್ತಿ ಹೋಗಿ, ದೊಡ್ಡ ಸಲಿಕೆಯೊಂದನ್ನೂ ಮರಳು ಹೊರುವ ನಾಲ್ಕು ಕಬ್ಬಿಣದ ಬಾಣಲಿಯನ್ನೂ ತಂದ. ಅಂಗಿ ಬಿಚ್ಚಿ ಗೇಟಿಗೆ ನೇತುಹಾಕಿದ.

ಅತ್ತೆ ಬೀದಿಗಿಳಿದು, ಅಳಿಯ ಮರಳು ಹಂಚುತ್ತಿದ್ದಾನೆ ಬನ್ನಿ ಎಂದು ಕೂಗಿದರು. ಯಾರಿಗೋ ಹೂಕುಂಡಕ್ಕೆ ಬೇಕಿತ್ತು, ಯಾರದೋ ಮೆಟ್ಟಿಲು ಮುರಿದಿತ್ತು, ಯಾರದೋ ಬೆಕ್ಕು ಈಯುವುದರಲ್ಲಿತ್ತು. ನಿನ್ನೆಯವರೆಗೆ ಗೇಟಿನ ಮುಂದೆ ನಿಂತು ಗುಸುಗುಸು ಎನ್ನುತ್ತಿದ್ದವರೇ ಬಕೆಟ್ಟು, ಚೀಲ, ಹಳೆಯ ಡಬ್ಬ ಹಿಡಿದುಕೊಂಡು ಬಂದರು. ಮಿಕ್ಕದ್ದನ್ನು ಬಾಣಲಿಯಲ್ಲಿ ಹೊತ್ತು ಹಿತ್ತಲಿಗೆ ಸುರಿದರು. ಇನ್‌ಸ್ಪೆಕ್ಟರು ಬರಿಯ ಕಾಲುಚೀಲದಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಅವರ ಬೂಟು ಗುಂಡನ ವಶದಲ್ಲಿತ್ತು. ಮಗಳು ತಮ್ಮನ ಮಳೆಗಾಲದ ಬೂಟು ಹುಡುಕಿ ತಂದು ಕೊಟ್ಟಮೇಲೆಯೇ ಅವರಿಗೆ ಬಿಡುಗಡೆಯಾದದ್ದು. ಹೊರಡುವ ಮುಂಚೆ ತಮ್ಮ ಬೂಟುಗಳನ್ನು ಇನ್ನೊಮ್ಮೆ ಕೊಡವಿ, "ಒಂದು ಹರಳೂ ತಗೊಂಡು ಹೋಗ್ತಿಲ್ಲ, ಎಲ್ಲರೂ ನೋಡಿದ್ದೀರಲ್ಲ?" ಎಂದು ಸಾಕ್ಷಿ ಇಟ್ಟುಕೊಂಡು ಹೋದರು.

ಹೊತ್ತು ಮುಳುಗುವಷ್ಟರಲ್ಲಿ ರಸ್ತೆ ಖಾಲಿಯಾಯಿತು. ಹೆಂಡತಿ ಪೊರಕೆ ಹಿಡಿದು ಕೊನೆಯ ಹರಳನ್ನೂ ಗುಡಿಸಿದಳು. ಒಳಗೆ ಹೋದಮೇಲೆ ಅವನಿಗೆ ಇನ್ನೊಂದು ವಿಷಯ ನೆನಪಾಯಿತು. ವೇಳಾಪಟ್ಟಿಯ ಪ್ರಕಾರ ಅಂದು ಮಧ್ಯಾಹ್ನವೇ ಅಡುಗೆಮನೆ ಖಾಲಿ ಮಾಡಿ, ಪಾತ್ರೆ ತೊಳೆದು, ಗ್ಯಾಸ್ ಮುಚ್ಚಿ ಆಗಿತ್ತು. ರಾತ್ರಿಯ ಊಟ ಎಂಬ ಸಾಲನ್ನು ಬರೆಯಲು ಅವನು ಮರೆತಿದ್ದ. ಮಕ್ಕಳಿಬ್ಬರೂ ಹಸಿದು ಸೂಟ್‌ಕೇಸಿಗೆ ಒರಗಿ ಕೂತಿದ್ದರು. ಅತ್ತೆ ಖಾಲಿ ಡಬ್ಬಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದರು.

ಅಂಗಡಿಗೆ ಹೋಗಿ ಏನಾದರೂ ತರೋಣವೆಂದು ಅವನು ಹೊರಗೆ ಬಂದ. ಅದಕ್ಕೂ ಮೊದಲು ಪಕ್ಕದ ಮನೆಗೆ ಹೋಗಿ ಒಂದು ಮಾತು ಹೇಳಬೇಕಿತ್ತು. ದೂರು ಕೊಟ್ಟವರು ಯಾರೆಂದು ಅವನಿಗೆ ಗೊತ್ತಿತ್ತು. ಕೊಡುವ ಹಾಗೆ ಮಾಡಿದವನು ಯಾರೆಂಬುದೂ ಗೊತ್ತಿತ್ತು. ಏನು ಹೇಳುವುದೆಂದು ಯೋಚಿಸುತ್ತಾ ಕಾಂಪೌಂಡಿನ ಹತ್ತಿರ ಬಂದರೆ ಟೈಲರಕ್ಕ ಆಗಲೇ ಅಲ್ಲಿದ್ದರು. ಸೆರಗಿನಲ್ಲಿ ಹಿಡಿದಿದ್ದ ಪಾತ್ರೆಯಿಂದ ಹಬೆ ಏಳುತ್ತಿತ್ತು. ಅದರ ಮೇಲೆ ಇನ್ನೊಂದು ಪಾತ್ರೆ, ಅದರ ಮೇಲೆ ಮುಚ್ಚಿದ ತಟ್ಟೆ.

"ಅಕ್ಕ, ನಾನು ಅವತ್ತೇ..." ಎಂದು ಅವನು ಶುರುಮಾಡಿದ.

ಟೈಲರಕ್ಕ ತಲೆಯಾಡಿಸಿದರು. ಬಿಸಿಯಿದೆ, ಬಟ್ಟೆ ಸಮೇತ ಹಿಡಿದುಕೋ ಎಂದು ಕಣ್ಣಲ್ಲೇ ಹೇಳಿ, ಐದು ಜನರ ಊಟವನ್ನು ಗೋಡೆಯ ಮೇಲಿಂದ ಅವನ ಕೈಗೆ ದಾಟಿಸಿದರು.